ಎಂಟು ಅಂಕಿಯ ತೀರ್ಪು

ಬಂದರಿಗೆ ಬಂದಿಳಿಯುವ ಪ್ರತಿ ಸರಕಿಗೂ ಒಂದು ಸಂಖ್ಯೆ ಉಂಟು. ಅದು ತಪ್ಪಿದರೆ ಬೆಳೆಗಾರನ ಬೆಲೆ ಕುಸಿಯಬಹುದು, ವ್ಯಾಪಾರಿಗೆ ಕೋಟಿಗಟ್ಟಲೆ ದಂಡ ಬೀಳಬಹುದು, ಆಯುಧಕ್ಕೆ ಒದಗುವ ಯಂತ್ರ ಗಡಿ ದಾಟಬಹುದು. ಆ ಸಂಖ್ಯೆ ಹುಡುಕುವ ಕೆಲಸಕ್ಕೆ ಈಗ ಕೃತಕ ಬುದ್ಧಿಮತ್ತೆ ಕೈಹಾಕಿದೆ. ಅದು ಕೊಡುವ ಉತ್ತರಕ್ಕೆ ಕಾರಣ ಕೇಳುವವರು ಯಾರು?

ಮಲೆನಾಡಿನಲ್ಲಿ ಅಡಿಕೆ ಸುಲಿತ ಶುರುವಾಯಿತೆಂದರೆ ಅಂಗಳಕ್ಕೆ ರಾತ್ರಿಯೇ ಇಲ್ಲ. ಬಲ್ಬಿನ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈ ನಿಲ್ಲುವುದಿಲ್ಲ. ಒಂದು ಪಕ್ಕ ಸಿಪ್ಪೆಯ ಗುಡ್ಡೆ, ಇನ್ನೊಂದು ಪಕ್ಕ ಹಸಿ ಅಡಿಕೆ. ಒಲೆಯ ಮೇಲಿನ ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ. ಅದರಲ್ಲಿ ಬೆಂದು ಬಿಸಿಲಿಗೆ ಬಿದ್ದ ಅಡಿಕೆ ಕೆಂಪೇರಿ, ರಾಶಿಯೋ ಬೆಟ್ಟೆಯೋ ಗೊರಬಲೋ ಆಗಿ ಮಂಡಿ ಸೇರುತ್ತದೆ.

ಬೇಯಿಸಿದ ಮೇಲೂ ಇದು ಅಡಿಕೆಯೇ ಹೌದೇ ಎಂದು ಆ ಅಂಗಳದಲ್ಲಿ ಕೇಳಿದರೆ ನಕ್ಕುಬಿಡುತ್ತಾರೆ. ಬಂದರಿನಲ್ಲಿ ಯಾರೂ ನಗುವುದಿಲ್ಲ. ಅಲ್ಲಿ ಈ ಪ್ರಶ್ನೆಗೆ ವಕೀಲರಿದ್ದಾರೆ, ಪ್ರಯೋಗಾಲಯಗಳಿವೆ, ಹೈಕೋರ್ಟಿನ ತೀರ್ಪುಗಳಿವೆ.

ಭಾರತದ ಸುಂಕಪಟ್ಟಿಯಲ್ಲಿ ಇಡಿ ಅಡಿಕೆಯ ಸಂಖ್ಯೆ 0802 80 10. ಆಮದು ಸುಂಕ ಶೇ 100. ಅದೂ ಸಾಲದೆಂದು 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಲಾಯಿತು. ಅದಕ್ಕಿಂತ ಅಗ್ಗದ ಅಡಿಕೆ ಒಳಬರುವಂತಿಲ್ಲ. ಸಾಗರ, ಶಿರಸಿ, ಪುತ್ತೂರಿನ ಬೆಳೆಗಾರನಿಗೆ ಇದೇ ತಡೆಗೋಡೆ.

ಗೋಡೆಯಲ್ಲೊಂದು ಬಾಗಿಲು ಮಾತ್ರ ತೆರೆದೇ ಇತ್ತು. ಅದೇ ಅಡಿಕೆಯನ್ನು ಹುರಿದು ತಂದರೆ? ಆಗ ಅದು 8ನೇ ಅಧ್ಯಾಯದ ಸರಕಲ್ಲ, 20ನೇ ಅಧ್ಯಾಯದ ‘ಹುರಿದ ಬೀಜ’, ಸಂಖ್ಯೆ 2008 19 20 ಎಂದು ಆಮದುದಾರರು ವಾದಿಸಿದರು. 8ನೇ ಅಧ್ಯಾಯದ ಟಿಪ್ಪಣಿ ಒಣಗಿದ ಬೀಜಗಳನ್ನು ಕೆಡದಂತೆ ಇಡಲು ‘ಮಿತವಾದ ಶಾಖ’ ಕೊಡುವುದನ್ನು ಒಪ್ಪುತ್ತದೆ. ಹುರಿಯುವುದು ಮಿತವಾದ ಶಾಖವೇ, ಅದನ್ನು ದಾಟಿದ್ದೇ? ದಾಟಿದ್ದು ಎಂಬ ಮುಂಗಡ ತೀರ್ಪನ್ನು 2023ರಲ್ಲಿ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹುರಿದ ಅಡಿಕೆಗೂ ಅದೇ 351 ರೂಪಾಯಿಯ ಷರತ್ತು ಹಾಕಬೇಕಾಯಿತು.

ಬಾಣಲೆಯಲ್ಲಿ ಕಳೆದ ಕೆಲವು ನಿಮಿಷಗಳಿಗಾಗಿ ಇಷ್ಟೆಲ್ಲ ನಡೆಯಿತು. ಇಂಥ ನಿರ್ಧಾರವನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಮಾಡಿಕೊಡುತ್ತೇವೆ ಎಂದು ಹೇಳುವ ತಂತ್ರಾಂಶಗಳು ಈಗ ಮಾರುಕಟ್ಟೆಯಲ್ಲಿವೆ.

ಜಗತ್ತಿಗೆಲ್ಲ ಒಂದೇ ಪಟ್ಟಿ

ಜಿಎಸ್‌ಟಿ ಬಿಲ್ಲಿನಲ್ಲಿ ‘ಎಚ್‌ಎಸ್‌ಎನ್’ ಎಂಬ ಕಲಂ ನೋಡದ ಅಂಗಡಿಯವರಿಲ್ಲ. ಅದರ ಮೂಲ ಬ್ರಸೆಲ್ಸ್‌ನಲ್ಲಿದೆ. ಅಲ್ಲಿನ ವಿಶ್ವ ಕಸ್ಟಮ್ಸ್ ಸಂಸ್ಥೆ ನಡೆಸುವ ‘ಹಾರ್ಮೊನೈಸ್ಡ್ ಸಿಸ್ಟಮ್’ 1988ರ ಜನವರಿ 1ರಂದು ಜಾರಿಗೆ ಬಂತು. ಇಂದು 200ಕ್ಕೂ ಹೆಚ್ಚು ದೇಶ, ಪ್ರದೇಶಗಳು ಅದನ್ನು ಬಳಸುತ್ತವೆ. ಜಗತ್ತಿನ ಸರಕು ವ್ಯಾಪಾರದ ಶೇ 98ಕ್ಕಿಂತ ಹೆಚ್ಚು ಭಾಗ ಅದರ ಐದು ಸಾವಿರಕ್ಕೂ ಮಿಕ್ಕ ಗುಂಪುಗಳಲ್ಲಿ ಹಂಚಿಹೋಗಿದೆ.

ಪಟ್ಟಿಯನ್ನು ನೋಡಿದವರು ಇದು ಹೆಸರು ಹುಡುಕುವ ಕೆಲಸ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇದು ಕಾನೂನಿನ ಕೆಲಸ. ಪಟ್ಟಿಗೆ ಆರು ಸಾಮಾನ್ಯ ನಿಯಮಗಳಿವೆ. ಮೊದಲು ಶೀರ್ಷಿಕೆಯ ಮಾತು ಮತ್ತು ಅಧ್ಯಾಯದ ಟಿಪ್ಪಣಿ ನೋಡಬೇಕು. ಸರಕು ಎರಡು ಕಡೆ ಸಲ್ಲುವಂತಿದ್ದರೆ ಹೆಚ್ಚು ನಿರ್ದಿಷ್ಟವಾದ ಶೀರ್ಷಿಕೆಗೆ ಆದ್ಯತೆ. ಅಲ್ಲೂ ಬಗೆಹರಿಯದಿದ್ದರೆ ಸರಕಿಗೆ ಅದರ ಮೂಲ ಸ್ವಭಾವವನ್ನು ಕೊಡುವ ಅಂಶ ಯಾವುದೆಂದು ಹುಡುಕಬೇಕು. ಅದೂ ಸಿಗದಿದ್ದರೆ ಸಂಖ್ಯೆಯ ಕ್ರಮದಲ್ಲಿ ಕೊನೆಗೆ ಬರುವ ಶೀರ್ಷಿಕೆಯೇ ಗತಿ.

‘ಮೂಲ ಸ್ವಭಾವ’ದ ಮೇಲೆ ಎಷ್ಟು ಮೊಕದ್ದಮೆಗಳು ನಡೆದಿವೆಯೋ! ನಮ್ಮಲ್ಲಿ ಚಿಕ್ಕ ಬಾಟಲಿಯ ತೆಂಗಿನೆಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ಅಬಕಾರಿ ಸುಂಕದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ನಡುವೆ ಭಿನ್ನ ತೀರ್ಪಾಗಿ, ಮೂವರ ಪೀಠಕ್ಕೆ ಹೋಗಿ, 2024ರ ಡಿಸೆಂಬರ್‌ನಲ್ಲಿ ಇತ್ಯರ್ಥವಾಯಿತು. ಕೇಶತೈಲವೆಂದು ಹೆಸರಿಸಿ ಮಾರದಿದ್ದರೆ ಅದು ಖಾದ್ಯತೈಲವೇ ಎಂದು ಕೋರ್ಟ್ ಹೇಳಿತು. ದೇಶದ ಅತ್ಯುನ್ನತ ನ್ಯಾಯಾಲಯಕ್ಕೇ ಇಷ್ಟು ಕಾಲ ಹಿಡಿದ ಪ್ರಶ್ನೆ ಅದು.

ಹಣದ ಗಾತ್ರವೂ ಸಣ್ಣದಲ್ಲ. ಬಿಡಿಭಾಗಗಳೆಂದು ತೋರಿಸಿ ಹೆಚ್ಚುಕಡಿಮೆ ಇಡೀ ಕಾರನ್ನೇ ಆಮದು ಮಾಡಿಕೊಂಡಿದೆ ಎಂಬ ಆರೋಪದ ಮೇಲೆ ಫೋಕ್ಸ್‌ವ್ಯಾಗನ್‌ನ ಭಾರತೀಯ ಘಟಕಕ್ಕೆ 2024ರಲ್ಲಿ ಕಸ್ಟಮ್ಸ್ ಇಲಾಖೆ ಕೊಟ್ಟ ನೋಟಿಸ್‌ನ ಮೊತ್ತ 140 ಕೋಟಿ ಡಾಲರ್. ಕಂಪನಿ ಅದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು.

> ಬೆಂಗಳೂರಿನ ಪರೋಟ ಪ್ರಕರಣ
>
> ಜಿಎಸ್‌ಟಿ ದರವೂ ಇದೇ ಸಂಖ್ಯೆಗಳ ಮೇಲೆ ನಿಂತಿದೆ. 2020ರಲ್ಲಿ ಬೆಂಗಳೂರಿನ ಆಹಾರ ಕಂಪನಿಯೊಂದರ ಅರ್ಜಿ ವಿಚಾರಿಸಿದ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ, ಪ್ಯಾಕೆಟ್ ಪರೋಟ ರೊಟ್ಟಿಯಲ್ಲ ಎಂದಿತು. ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕಾದ್ದರಿಂದ ಅದು 2106ರ ಆಹಾರ ಸಿದ್ಧವಸ್ತು. ರೊಟ್ಟಿಗೆ ಶೇ 5, ಪರೋಟಕ್ಕೆ ಶೇ 18! ದೇಶವಿಡೀ ಚರ್ಚೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಪರೋಟ ಎರಡಕ್ಕೂ ತೆರಿಗೆ ಶೂನ್ಯ.

ಕೈಬರಹಕ್ಕೆ ನಿಲುಕದ ಪ್ರವಾಹ

ಹಿಂದೆ ಈ ಕೆಲಸ ಅನುಭವಿ ಅಧಿಕಾರಿ ಮತ್ತು ನುರಿತ ಕಸ್ಟಮ್ಸ್ ಬ್ರೋಕರ್‌ಗಳ ತಲೆಯಲ್ಲಿತ್ತು. ಒಬ್ಬರಿಗೆ ಬಟ್ಟೆಯ ಅಧ್ಯಾಯಗಳು ಕರತಲಾಮಲಕ, ಇನ್ನೊಬ್ಬರಿಗೆ ರಾಸಾಯನಿಕಗಳು. ಇಂಟರ್ನೆಟ್ ವ್ಯಾಪಾರ ಬಂದು ಆ ಲೆಕ್ಕವನ್ನು ಕೆಡಿಸಿತು. ಕಂಟೇನರಿನ ಜಾಗಕ್ಕೆ ಲಕ್ಷಾಂತರ ಪುಟ್ಟ ಪೊಟ್ಟಣಗಳು ಬಂದವು.

ಅಮೆರಿಕದಲ್ಲಿ 800 ಡಾಲರ್‌ಗಿಂತ ಕಡಿಮೆ ಬೆಲೆಯ ಪಾರ್ಸೆಲ್‌ಗಳಿಗೆ ಸುಂಕವಿರಲಿಲ್ಲ. 2024ರ ಆರ್ಥಿಕ ವರ್ಷದಲ್ಲಿ ಅಂಥ 130 ಕೋಟಿಗೂ ಹೆಚ್ಚು ಪೊಟ್ಟಣಗಳು ಆ ದೇಶಕ್ಕೆ ಬಂದವು. 2025ರ ಆಗಸ್ಟ್ 29ರಂದು ಆ ವಿನಾಯಿತಿ ಎಲ್ಲ ದೇಶಗಳಿಗೂ ರದ್ದಾಯಿತು. ಭಾರತೀಯ ಅಂಚೆ ಇಲಾಖೆ ಅಮೆರಿಕದ ಪಾರ್ಸೆಲ್‌ಗಳನ್ನು ಹಂತ ಹಂತವಾಗಿ ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಆರಂಭಿಸಿತು. ಕ್ಯಾಲಿಫೋರ್ನಿಯಾದ ಮಗಳಿಗೆ ಸೀರೆ ಕಳಿಸುವ ಮೈಸೂರಿನ ಅಮ್ಮನಿಗೂ, ಚನ್ನಪಟ್ಟಣದ ಬೊಂಬೆಯನ್ನು ಆನ್‌ಲೈನಿನಲ್ಲಿ ಮಾರುವವರಿಗೂ ಆ ವಾರಗಳು ನೆನಪಿರುತ್ತವೆ. ಬೊಂಬೆ ಮಾರುವವರು ಸುಂಕಪಟ್ಟಿಯ ಪರಿಣತರಾಗಬೇಕೆಂದು ಬಯಸುವುದು ನ್ಯಾಯವಲ್ಲ. ‘ಮರದ ಬೊಂಬೆ, ಅರಗಿನ ಬಣ್ಣ’ ಎಂದು ಬರೆದರೆ ಸರಿಯಾದ ಸಂಖ್ಯೆಯನ್ನು ತೋರಿಸುವ ಯಂತ್ರ ಇಂಥವರಿಗೆ ನಿಜವಾದ ಉಪಕಾರ.

ನಮ್ಮ ಇಲಾಖೆಯೂ ಕೈಕಟ್ಟಿ ಕುಳಿತಿಲ್ಲ. ಸರಕು ಇಳಿದ ಊರಿನ ಅಧಿಕಾರಿಯೇ ಅದನ್ನು ಪರಿಶೀಲಿಸಬೇಕೆಂಬ ಪದ್ಧತಿಯನ್ನು ಬಿಟ್ಟ ‘ಫೇಸ್‌ಲೆಸ್’ ವ್ಯವಸ್ಥೆ 2020ರ ಜೂನ್ 8ರಂದು ಮೊದಲು ಶುರುವಾದದ್ದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಯಂತ್ರೋಪಕರಣ ಹಾಗೂ ಎಲೆಕ್ಟ್ರಾನಿಕ್ಸ್‌ನ 84, 85ನೇ ಅಧ್ಯಾಯಗಳೊಂದಿಗೆ. ಚೆನ್ನೈನಲ್ಲಿ ಇಳಿದ ಯಂತ್ರದ ಕಡತವನ್ನು ಬೆಂಗಳೂರಿನ ಅಧಿಕಾರಿ ತೆರೆಯಬಹುದು. ಪರೋಕ್ಷ ತೆರಿಗೆಗಳ ದತ್ತಾಂಶ ಜಾಲಾಡಲು ‘ಅದ್ವೈತ್’ ಎಂಬ ವಿಶ್ಲೇಷಣಾ ವ್ಯವಸ್ಥೆ 2021ರಲ್ಲಿ ಬಂತು. ಸರಕು ಒಂದೂರಿನಲ್ಲಿ, ನೋಡುವವರು ಇನ್ನೊಂದೂರಿನಲ್ಲಿ ಎಂದಾದಾಗ ಕಾಗದದ ಮೇಲಿನ ವಿವರಣೆಯ ತೂಕ ಇನ್ನೂ ಹೆಚ್ಚುತ್ತದೆ. ಯಂತ್ರ ಓದುವುದೂ ಆ ವಿವರಣೆಯನ್ನೇ.

ಶೇ 93.9 ಮತ್ತು ಶೇ 40

ಯಂತ್ರದ ಸಾಮರ್ಥ್ಯವನ್ನು ಅಳೆದ ಎರಡು ಸಂಶೋಧನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೊದಲನೆಯದು ದಕ್ಷಿಣ ಕೊರಿಯಾದ್ದು. ಅಲ್ಲಿನ ಕಸ್ಟಮ್ಸ್ ಇಲಾಖೆಯ ಹಿಂದಿನ ನಿರ್ಣಯಗಳನ್ನು ಕಲಿಸಿ, ಗೊಂದಲ ಹೆಚ್ಚಿರುವ 925 ಉಪಶೀರ್ಷಿಕೆಗಳಿಗಾಗಿ ಸಂಶೋಧಕರು ಒಂದು ಮಾದರಿ ಕಟ್ಟಿದರು. 5,000 ಅರ್ಜಿಗಳ ಮೇಲೆ ಪರೀಕ್ಷಿಸಿದಾಗ, ಅದು ಸೂಚಿಸಿದ ಮೊದಲ ಮೂರು ಸಂಖ್ಯೆಗಳಲ್ಲಿ ಸರಿಯುತ್ತರ ಇದ್ದದ್ದು ಶೇ 93.9ರಷ್ಟು ಸಲ.

ಎರಡನೆಯದು 2025ರಲ್ಲಿ ಪ್ರಕಟವಾದ ‘ಅಟ್ಲಾಸ್’. ಅಮೆರಿಕದ ಕಸ್ಟಮ್ಸ್ ತೀರ್ಪುಗಳ ಮೇಲೆ ಒಂದು ದೊಡ್ಡ ಭಾಷಾ ಮಾದರಿಯನ್ನು ವಿಶೇಷವಾಗಿ ಪಳಗಿಸಲಾಯಿತು. ಆರು ಅಂಕಿಗಳವರೆಗೆ ಅದು ಸರಿಯಾಗಿ ಹೇಳಿದ್ದು ಶೇ 57.5. ಅಮೆರಿಕದ ಪೂರ್ತಿ ಹತ್ತು ಅಂಕಿಗಳಿಗೆ ಬಂದಾಗ ಶೇ 40. ಹೆಸರಾಂತ ಸಾಮಾನ್ಯ ಚಾಟ್‌ಬಾಟ್ ಮಾದರಿಗಳು ಅದಕ್ಕಿಂತಲೂ ಹಿಂದೆ ಬಿದ್ದಿದ್ದವು.

ಒಂದು ಕಡೆ ಹತ್ತಕ್ಕೆ ಒಂಬತ್ತು, ಇನ್ನೊಂದು ಕಡೆ ಹತ್ತಕ್ಕೆ ನಾಲ್ಕು. ಕೇಳಿದ ಪ್ರಶ್ನೆಗಳು ಬೇರೆಯಾದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಆದರೂ ಕೊರಿಯಾದವರು ಮಾಡಿದ ಒಂದು ಆಯ್ಕೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವರ ಯಂತ್ರ ತೀರ್ಪು ಕೊಡುವುದಿಲ್ಲ. ಮೂರು ಸಾಧ್ಯತೆಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಕೈಪಿಡಿಯ ಯಾವ ಸಾಲು ಆಧಾರವೆಂದು ಎತ್ತಿ ತೋರಿಸುತ್ತದೆ. ಆಯ್ಕೆ ಅಧಿಕಾರಿಯದು. 32 ಕಸ್ಟಮ್ಸ್ ಪರಿಣತರು ಅದನ್ನು ಬಳಸಿ ನೋಡಿದರು. ಕಾರಣಸಹಿತ ಸಲಹೆಗಳಿಂದ ಪರಿಶೀಲನೆಯ ಸಮಯ, ಶ್ರಮ ಎರಡೂ ಗಣನೀಯವಾಗಿ ಉಳಿಯಬಲ್ಲವೆಂಬುದು ಅದರಿಂದ ದೃಢಪಟ್ಟಿತು. ತಂತ್ರಾಂಶ ಕೊಳ್ಳಹೊರಟ ಯಾವುದೇ ಇಲಾಖೆ, ಯಾವುದೇ ಕಂಪನಿ ಮಾರಾಟಗಾರನ ಮುಂದಿಡಬೇಕಾದ ಮೊದಲ ಷರತ್ತು ಇದು: ಸಂಖ್ಯೆಯ ಜೊತೆ ಸಾಲನ್ನೂ ತೋರಿಸು.

ಯಂತ್ರ ಎಡವುವ ಜಾಗಗಳನ್ನೂ ತಿಳಿದಿರಬೇಕು. ‘ಪ್ಲಾಸ್ಟಿಕ್ ಪಾರ್ಟ್ಸ್’ ಎಂದಷ್ಟೇ ಬರೆದ ಸರಕಿಗೆ ಯಾವ ಬುದ್ಧಿಯೂ ಸಂಖ್ಯೆ ಕೊಡಲಾರದು. ಯಾವ ಪ್ಲಾಸ್ಟಿಕ್, ಯಾವ ಯಂತ್ರದ ಭಾಗ, ಬೇರೆ ಲೋಹ ಸೇರಿದೆಯೇ ಎಂದು ಮರುಪ್ರಶ್ನೆ ಕೇಳುವ ಯಂತ್ರವನ್ನು ನಂಬಬಹುದು. ಕೇಳದೆ ಆತ್ಮವಿಶ್ವಾಸದಿಂದ ಎಂಟು ಅಂಕಿ ಉದುರಿಸುವ ಯಂತ್ರವನ್ನು ದೂರವಿಡಬೇಕು.

ಇದಕ್ಕಿಂತ ಆಳದ ತೊಡಕು ಕಲಿಕೆಯಲ್ಲಿದೆ. ಯಂತ್ರ ಕಲಿಯುವುದು ಹಳೆಯ ದಾಖಲೆಗಳಿಂದ. ಆ ದಾಖಲೆಗಳಲ್ಲಿ ಬೇಕೆಂದೇ ತಪ್ಪಾಗಿ ಘೋಷಿಸಿ ಪಾರಾದವರೂ ಇದ್ದಾರೆ. ಅಡಿಕೆಯನ್ನು ಬೇರೆ ಹೆಸರಿನಲ್ಲಿ ತಂದು ಸಿಕ್ಕಿಬೀಳದ ಪ್ರತಿಯೊಂದು ಬಿಲ್ ಆಫ್ ಎಂಟ್ರಿಯೂ ಯಂತ್ರದ ಪಾಲಿಗೆ ಸರಿಯುತ್ತರವೇ. ಕಳ್ಳದಾರಿಯಲ್ಲಿ ಸಾಕಷ್ಟು ಜನ ನಡೆದರೆ ಯಂತ್ರ ಅದನ್ನೇ ಹೆದ್ದಾರಿ ಎಂದು ಗುರುತು ಹಾಕಿಕೊಳ್ಳುತ್ತದೆ. ಹಾಗಾಗಿ ಕಲಿಕೆಗೆ ಕೊಡಬೇಕಾದದ್ದು ಆಮದುದಾರರ ಘೋಷಣೆಗಳ ರಾಶಿಯನ್ನಲ್ಲ. ಮುಂಗಡ ತೀರ್ಪುಗಳು, ನ್ಯಾಯಮಂಡಳಿಯ ಆದೇಶಗಳು, ಪ್ರಯೋಗಾಲಯ ದೃಢಪಡಿಸಿದ ಪ್ರಕರಣಗಳನ್ನು ಕೊಡಬೇಕು.

ಪಟ್ಟಿಯೂ ನಿಂತ ನೀರಲ್ಲ. ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಣೆಯಾಗುತ್ತದೆ. ಕ್ಯಾಮೆರಾ ಹೊತ್ತ ಡ್ರೋನ್‌ಗಳನ್ನು ಮೊದಲು ಅನೇಕ ಕಡೆ ಡಿಜಿಟಲ್ ಕ್ಯಾಮೆರಾಗಳ ಜೊತೆ ಸೇರಿಸುತ್ತಿದ್ದರು. 2022ರ ಪರಿಷ್ಕರಣೆಯಲ್ಲಿ ಡ್ರೋನ್‌ಗೆ 8806 ಎಂಬ ಸ್ವಂತ ಶೀರ್ಷಿಕೆ ಬಂತು. ಅದೇ ವರ್ಷದ ಫೆಬ್ರುವರಿಯಲ್ಲಿ ಭಾರತ ಕೆಲವು ವಿನಾಯಿತಿಗಳೊಂದಿಗೆ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಹಳೆಯ ದಾಖಲೆ ಓದಿಕೊಂಡ ಯಂತ್ರ ಡ್ರೋನನ್ನು ಇನ್ನೂ ‘ಕ್ಯಾಮೆರಾ’ ಎಂದರೆ, ನಿಷೇಧಿತ ಸರಕಿಗೆ ದಾರಿ ತೋರಿಸಿದಂತೆಯೇ.

> ಟೊಮೆಟೊ ಮೇಲಿನ ತೀರ್ಪು
>
> 1883ರ ಅಮೆರಿಕದ ಸುಂಕ ಕಾಯ್ದೆಯಲ್ಲಿ ತರಕಾರಿಗೆ ಶೇ 10 ಸುಂಕ, ಹಣ್ಣಿಗೆ ಇರಲಿಲ್ಲ. ಟೊಮೆಟೊ ಹಣ್ಣು ಎಂದು ಆಮದುದಾರರು ನ್ಯಾಯಾಲಯಕ್ಕೆ ಹೋದರು. ಸಸ್ಯಶಾಸ್ತ್ರ ಏನೇ ಹೇಳಲಿ, ಜನ ಅದನ್ನು ಊಟದಲ್ಲಿ ತರಕಾರಿಯಂತೆ ಬಳಸುತ್ತಾರೆ ಎಂದು ಸುಪ್ರೀಂ ಕೋರ್ಟ್ 1893ರಲ್ಲಿ ಸುಂಕವನ್ನು ಎತ್ತಿಹಿಡಿಯಿತು. ಬಳಸುವವರ ವಾಡಿಕೆಗೆ ತೂಕ ಕೊಟ್ಟ ತೀರ್ಪೆಂದು ಇದು ಹೆಸರಾಗಿದೆ.

ಗಡಿ ದಾಟಬಾರದ ಸರಕು

ಸುಂಕದಲ್ಲಿ ತಪ್ಪಾದರೆ ನಷ್ಟ ಹಣದ್ದು. ರಫ್ತು ನಿಯಂತ್ರಣದಲ್ಲಿ ತಪ್ಪಾದರೆ ಅದನ್ನು ಹಣದಲ್ಲಿ ತುಂಬಿಕೊಳ್ಳಲಾಗದು.

1980ರ ದಶಕದ ಆರಂಭದಲ್ಲಿ ಜಪಾನಿನ ತೋಷಿಬಾ ಮಷಿನ್ ಕಂಪನಿ ಸೋವಿಯತ್ ಒಕ್ಕೂಟಕ್ಕೆ ಲೋಹ ಕಡೆಯುವ ದೈತ್ಯ ಯಂತ್ರಗಳನ್ನು ಕಳಿಸಿತು. ಒಂಬತ್ತು ಅಕ್ಷಗಳ ಮೇಲೆ ಕೆಲಸ ಮಾಡುವ ಎಂಬಿಪಿ-110 ಅವು. ಅಂಥವನ್ನು ಕಮ್ಯುನಿಸ್ಟ್ ದೇಶಗಳಿಗೆ ಮಾರುವುದು ನಿಷಿದ್ಧವಾಗಿತ್ತು. ರಫ್ತಿನ ಅರ್ಜಿಯಲ್ಲಿ ಬರೆದದ್ದು ಎರಡೇ ಅಕ್ಷಗಳ ಸಾಮಾನ್ಯ ಲೇತ್ ಎಂದು. ಅನುಮತಿ ಸಿಕ್ಕಿತು. ನಾರ್ವೆಯ ಕೊಂಗ್ಸ್‌ಬರ್ಗ್ ಕಂಪನಿಯ ನಿಯಂತ್ರಕಗಳೊಂದಿಗೆ ಯಂತ್ರಗಳು ಲೆನಿನ್‌ಗ್ರಾಡಿನ ಹಡಗುಕಟ್ಟೆ ಸೇರಿ, ಜಲಾಂತರ್ಗಾಮಿಗಳಿಗೆ ಸದ್ದು ಮಾಡದ ಪ್ರೊಪೆಲರ್ ಕಡೆದುಕೊಟ್ಟವು ಎಂದು ಅಮೆರಿಕ ಆರೋಪಿಸಿತು. 1987ರಲ್ಲಿ ವಿಷಯ ಸ್ಫೋಟಗೊಂಡಾಗ ಅಮೆರಿಕದ ಸಂಸದರು ಸಂಸತ್ ಭವನದ ಮುಂದೆ ತೋಷಿಬಾ ರೇಡಿಯೊವನ್ನು ಸುತ್ತಿಗೆಯಿಂದ ಪುಡಿಗಟ್ಟಿದರು. ಮಾತೃಸಂಸ್ಥೆ ತೋಷಿಬಾದ ಅಧ್ಯಕ್ಷರೂ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು.

ಕಾಗದದ ಮೇಲಿನ ಮಾತನ್ನಷ್ಟೇ ಓದುವ ಯಂತ್ರ ಅಂದು ಇದ್ದಿದ್ದರೂ ಆ ಲೇತ್‌ಗೆ ಅನುಮತಿ ಕೊಡುತ್ತಿತ್ತು. ಬೆಲೆ, ತೂಕ, ಪ್ಯಾಕಿಂಗ್ ಪಟ್ಟಿ, ಜೊತೆಗೆ ಬರುವ ನಿಯಂತ್ರಕ ಯಾರದು, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡುವ ಯಂತ್ರವಾದರೆ ‘ಎರಡು ಅಕ್ಷದ ಲೇತ್‌ಗೆ ಇಷ್ಟು ಬೆಲೆ ಏಕೆ’ ಎಂದು ಕೆಂಪು ದೀಪ ಹಚ್ಚಬಹುದಿತ್ತು. ಕೃತಕ ಬುದ್ಧಿಮತ್ತೆಯ ನಿಜವಾದ ಶಕ್ತಿ ಇರುವುದು ಇಂಥ ತಾಳೆಯಲ್ಲಿ. ವಿಶ್ವ ಕಸ್ಟಮ್ಸ್ ಸಂಸ್ಥೆಯ ‘ಬಕುಡಾ’ ಯೋಜನೆ 2019ರಿಂದ ಸದಸ್ಯ ದೇಶಗಳಿಗಾಗಿ ಸಂಶಯಾಸ್ಪದ ಘೋಷಣೆಗಳನ್ನು ಹೆಕ್ಕುವ ಇಂಥ ಮಾದರಿಗಳನ್ನು ರೂಪಿಸುತ್ತಿದೆ.

ಭಾರತದಲ್ಲಿ ಈ ಬಗೆಯ ಸರಕುಗಳ ಪಟ್ಟಿಗೆ ‘ಸ್ಕೊಮೆಟ್’ ಎಂದು ಹೆಸರು. ಪಟ್ಟಿಯಲ್ಲಿ ಪರಮಾಣು ವಸ್ತುಗಳಷ್ಟೇ ಅಲ್ಲ, ನಾಗರಿಕ ಬಳಕೆಯ ಎಷ್ಟೋ ವಸ್ತುಗಳಿವೆ. ಬಾಲ್‌ಪೆನ್ ಶಾಯಿಗೆ ಬೇಕಾಗುವ ಥಯೊಡೈಗ್ಲೈಕಾಲ್ ಸಾಸಿವೆ ಅನಿಲಕ್ಕೂ ಕಚ್ಚಾವಸ್ತು. 2017ರ ಡಿಸೆಂಬರ್‌ನಲ್ಲಿ ಭಾರತ ರಫ್ತು ನಿಯಂತ್ರಣದ ವಾಸೆನಾರ್ ಒಪ್ಪಂದಕ್ಕೆ ಸೇರಿದ ಮೇಲೆ ಇಲೆಕ್ಟ್ರಾನಿಕ್ಸ್, ದೂರಸಂಪರ್ಕ, ಯಂತ್ರೋಪಕರಣಗಳ ಹೊಣೆ ಇನ್ನಷ್ಟು ಬಿಗಿಯಾಯಿತು.

ಬೆಂಗಳೂರಿಗೆ ಇದು ದೂರದ ಮಾತಲ್ಲ. ಎಚ್‌ಎಂಟಿ ಕಾಲದಿಂದ ಈ ಊರು ಯಂತ್ರ ಕಟ್ಟುವ ಊರು. ಪೀಣ್ಯದ ಶೆಡ್ಡಿನಿಂದ ಹೊರಡುವ ಎರಡು ಮಷಿನಿಂಗ್ ಸೆಂಟರ್‌ಗಳಿಗೆ ಸುಂಕಪಟ್ಟಿಯಲ್ಲಿ ಒಂದೇ ಸಂಖ್ಯೆ, 8457 10. ಒಂದನ್ನು ಯಾರಿಗಾದರೂ ಮಾರಬಹುದು, ಇನ್ನೊಂದಕ್ಕೆ ದೆಹಲಿಯ ಪರವಾನಗಿ ಬೇಕು. ಏಕಕಾಲಕ್ಕೆ ಎಷ್ಟು ಅಕ್ಷಗಳು ಚಲಿಸುತ್ತವೆ, ಹೇಳಿದ ಜಾಗಕ್ಕೇ ಮತ್ತೆ ಮತ್ತೆ ಎಷ್ಟು ಕರಾರುವಾಕ್ಕಾಗಿ ಮರಳುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಆ ಗಡಿರೇಖೆ ಸುಮಾರು ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನೂರು ಪುಟದ ತಾಂತ್ರಿಕ ಕಡತದಲ್ಲಿ ಆ ಅಂಕಿಯನ್ನು ಹುಡುಕಿ, ಪಟ್ಟಿಯ ಯಾವ ನಮೂದಿಗೆ ತಾಗುತ್ತದೆಂದು ತೋರಿಸುವುದು ಯಂತ್ರಕ್ಕೆ ಸುಲಭ. ಅಂಕಿ ಕಡತದಲ್ಲಿ ಇಲ್ಲದಿದ್ದರೆ ಅಳೆಯಲೇಬೇಕು. ಕೊಳ್ಳುವವನು ಯಾರು, ಯಂತ್ರದಿಂದ ಏನು ಮಾಡುತ್ತಾನೆ ಎಂಬುದಂತೂ ಯಾವ ಕಡತದಲ್ಲೂ ಇರುವುದಿಲ್ಲ.

ಇಲ್ಲೊಂದು ಎಚ್ಚರಿಕೆಯನ್ನು ಸಣ್ಣ ಉದ್ಯಮಿಗಳಿಗೆ ಜೋರಾಗಿಯೇ ಹೇಳಬೇಕು. ನಮ್ಮ ಕಾನೂನು ನಿಯಂತ್ರಿಸುವುದು ವಸ್ತುವನ್ನಷ್ಟೇ ಅಲ್ಲ, ತಂತ್ರಜ್ಞಾನವನ್ನೂ. ನಕ್ಷೆಯನ್ನು ಇಮೇಲ್‌ನಲ್ಲಿ ಹೊರದೇಶಕ್ಕೆ ಕಳಿಸಿದರೂ ಅದು ರಫ್ತು. ‘ಇದು ಸ್ಕೊಮೆಟ್ ಪಟ್ಟಿಗೆ ಬರುತ್ತದೆಯೇ’ ಎಂದು ಕೇಳಲು ಯಂತ್ರಭಾಗದ ಪೂರ್ತಿ ನಕ್ಷೆಯನ್ನು ವಿದೇಶಿ ಸರ್ವರಿನಲ್ಲಿ ಕುಳಿತ ಚಾಟ್‌ಬಾಟ್‌ಗೆ ಏರಿಸುವವರು, ಉತ್ತರ ಬರುವ ಮೊದಲೇ ಆ ಕಾನೂನಿನ ಅಂಚಿಗೆ ಕಾಲಿಟ್ಟಿರಬಹುದು. ಕಂಪನಿಯ ಸ್ವಂತ ಗಣಕದಲ್ಲೇ ಓಡುವ, ಕಡತ ಹೊರಗೆ ಕಳಿಸದ ವ್ಯವಸ್ಥೆ ಬೇಕು. ಪ್ರತಿ ವರ್ಕ್‌ಶಾಪಿಗೂ ಅದನ್ನು ಕೊಳ್ಳುವ ಶಕ್ತಿ ಇಲ್ಲ. ಬೆಂಗಳೂರಿನಲ್ಲಿ ಎಂಜಿನಿಯರುಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಬರವಿಲ್ಲ. ಕೈಗಾರಿಕಾ ಸಂಘಗಳು ಸೇರಿ ಇಂಥದ್ದೊಂದನ್ನು ಕಟ್ಟಿಸಿ ಎಲ್ಲರಿಗೂ ಒದಗಿಸುವುದು ಸಾಧ್ಯವಿರುವ ಕೆಲಸ.

ಸಹಿ ಯಾರದು?

2011ರಿಂದ ಭಾರತದಲ್ಲಿ ಆಮದುದಾರನೇ ತನ್ನ ಸರಕಿನ ವರ್ಗವನ್ನು ಘೋಷಿಸಿಕೊಳ್ಳಬೇಕು. ತಪ್ಪು ಉದ್ದೇಶಪೂರ್ವಕವೆಂದು ಕಂಡುಬಂದರೆ ಇಲಾಖೆ ಐದು ವರ್ಷ ಹಿಂದಿನ ಬಾಕಿಯನ್ನೂ ಕೇಳಬಹುದು. ‘ತಂತ್ರಾಂಶ ಹೇಳಿತು’ ಎಂದ ಮಾತ್ರಕ್ಕೆ ಆ ಹೊಣೆ ತಂತ್ರಾಂಶಕ್ಕೆ ಜಾರಿಹೋಗುವುದಿಲ್ಲ. ಸಲಹೆ ಪಡೆದ ದಿನ ಯಂತ್ರಕ್ಕೆ ಕೊಟ್ಟ ವಿವರ, ಅದು ತೋರಿಸಿದ ಆಧಾರ, ತಾನು ಒಪ್ಪಿದ ಕಾರಣ, ಇಷ್ಟನ್ನು ಕಡತದಲ್ಲಿ ಇಟ್ಟುಕೊಂಡ ವ್ಯಾಪಾರಿಗೆ ಮುಂದೆ ಪ್ರಾಮಾಣಿಕತೆ ತೋರಿಸಲು ಸಾಕ್ಷಿಯಾದರೂ ಇರುತ್ತದೆ.

ಹೊಣೆ ಇಲಾಖೆಯದೂ ಹೌದು. ಕಸ್ಟಮ್ಸ್ ಕಾಯ್ದೆಯ 17(5)ನೇ ಕಲಂ ಸ್ಪಷ್ಟವಾಗಿದೆ. ಆಮದುದಾರನ ಘೋಷಣೆಯನ್ನು ಅಧಿಕಾರಿ ಬದಲಿಸಿದರೆ, ಆಮದುದಾರ ಅದನ್ನು ಲಿಖಿತವಾಗಿ ಒಪ್ಪದಿದ್ದಲ್ಲಿ, 15 ದಿನಗಳೊಳಗೆ ಕಾರಣಸಹಿತ ಆದೇಶ ಕೊಡಬೇಕು. ಅದರ ವಿರುದ್ಧ 60 ದಿನಗಳಲ್ಲಿ ಮೇಲ್ಮನವಿ ಹೋಗಬಹುದು. ಆ ಬದಲಾವಣೆಗೆ ಯಂತ್ರದ ಸಲಹೆ ಕಾರಣವಾಗಿದ್ದರೆ, ಸಲಹೆಯೂ ಅದರ ಆಧಾರವೂ ಆ ಆದೇಶದಲ್ಲಿ ಬರಹಕ್ಕಿಳಿಯಬೇಕು. ಮೇಲ್ಮನವಿಯಲ್ಲಿ ಪ್ರಶ್ನಿಸಲು ಆಗ ಮಾತ್ರ ಸಾಧ್ಯ.

ಪಟ್ಟಿಯ ಮುಂದಿನ ಪರಿಷ್ಕರಣೆ 2028ರ ಜನವರಿ 1ರಂದು ಜಾರಿಗೆ ಬರಲಿದೆ. ಭಾರತದ ಸುಮಾರು 12 ಸಾವಿರ ಸುಂಕದ ಸಾಲುಗಳನ್ನು ಅದಕ್ಕೆ ಹೊಂದಿಸಬೇಕು, ಯಂತ್ರಗಳಿಗೆ ಮತ್ತೆ ಪಾಠ ಹೇಳಬೇಕು. ಅಷ್ಟರೊಳಗೆ ಎಲ್ಲ ಮುಂಗಡ ತೀರ್ಪುಗಳನ್ನೂ ನ್ಯಾಯಮಂಡಳಿಯ ಆದೇಶಗಳನ್ನೂ ಹಳೆಯ ಮತ್ತು ಹೊಸ ಸಂಖ್ಯೆಗಳೊಂದಿಗೆ ಒಂದೇ ಕಡೆ, ಯಾರು ಬೇಕಾದರೂ ಹುಡುಕಬಹುದಾದ ರೂಪದಲ್ಲಿ ಇಲಾಖೆ ತೆರೆದಿಡಬೇಕು. ಶಿವಮೊಗ್ಗದ ಅಡಿಕೆ ಬೆಳೆಗಾರರ ಸಂಘಕ್ಕೂ ಪೀಣ್ಯದ ವರ್ಕ್‌ಶಾಪಿಗೂ ಅದು ಒಂದೇ ದಿನ, ಒಂದೇ ರೀತಿಯಲ್ಲಿ ಸಿಗುವಂತಿರಬೇಕು.